ಎದುರು ತುದಿ ಹಿಡಿಯುವವರು

ಬೆಡ್‌ಶೀಟು ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆಗುತ್ತದೆ ಎಂದು ವಾದಿಸುವವರು ತಮ್ಮ ಮನೆಯ ಒಂದೇ ಮಂಚದ ಶೀಟನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಹೇಗೋ ಮಡಿಸಿ ಮುಗಿಸಿದವರು. ಅಂಥವರನ್ನು ಒಂದು ಸಂಜೆ ಈ ಲಾಂಡ್ರಿಗೆ ಕರೆತರಬೇಕು. ಲಾಡ್ಜಿನ ಶೀಟುಗಳೂ ನರ್ಸಿಂಗ್ ಹೋಮಿನ ಶೀಟುಗಳೂ ಡ್ರೈಯರಿನಿಂದ ಬಿಸಿಬಿಸಿಯಾಗಿ ಹೊರಬೀಳುವ ಹೊತ್ತಿಗೆ ಆ ರಾಶಿಯ ಮುಂದೆ ನಿಲ್ಲಿಸಬೇಕು. ಎದುರು ತುದಿ ಹಿಡಿಯಲು ಇನ್ನೊಂದು ಜೀವ ಬೇಕೇ ಬೇಕು ಎನ್ನುವುದು ಆಗ ತಿಳಿಯುತ್ತದೆ.

ಬೀದಿಯವರ ಬಾಯಲ್ಲಿ ಲಾಂಡ್ರಿಯಮ್ಮ ಎನಿಸಿಕೊಂಡವಳಿಗೆ ಆ ಇನ್ನೊಂದು ಜೀವ ಅವಳ ಮಗಳು ಮರಿ. ಕೆಳಗೆ ಲಾಂಡ್ರಿ, ಮೇಲೆ ಮನೆ. ಇಸ್ತ್ರಿಯವಳು ಮಧ್ಯಾಹ್ನಕ್ಕೇ ಹೊರಟುಹೋಗುತ್ತಿದ್ದಳು. ಗಂಡ ಕೊಳೆ ಬಟ್ಟೆ ತರಲು, ಒಗೆದ ಬಟ್ಟೆ ತಲುಪಿಸಲು ವ್ಯಾನು ಓಡಿಸುತ್ತ ಊರೆಲ್ಲ ಸುತ್ತುತ್ತಿದ್ದ. ಸಂಜೆ ಮರಿ ಸ್ಕೂಲಿನಿಂದ ಬಂದು, ಬ್ಯಾಗನ್ನು ಬಟ್ಟೆ ತೂಗುವ ತಕ್ಕಡಿಯ ಮೇಲೆ ಎಸೆದು, ಚಹಾ ಕುಡಿದು ಎದುರಿಗೆ ನಿಂತಳೆಂದರೆ ಲಾಂಡ್ರಿಯಮ್ಮನ ದಿನ ಶುರುವಾದ ಹಾಗೆ. ಇಬ್ಬರೂ ಎರಡೆರಡು ಮೂಲೆ ಹಿಡಿದು ಶೀಟನ್ನು ಒಮ್ಮೆ ಒದರಿ, ಜಗ್ಗಿ, ಉದ್ದಕ್ಕೆ ಮಡಿಸಿ, ಆಮೇಲೆ ಒಬ್ಬರ ಕಡೆ ಒಬ್ಬರು ನಡೆದು ಬರುತ್ತಿದ್ದರು. ಮೂಲೆಗೆ ಮೂಲೆ ಸೇರಿದಾಗ ಮರಿ ತನ್ನ ತುದಿಯನ್ನು ಅಮ್ಮನ ಕೈಗೆ ಕೊಟ್ಟು, ಬಗ್ಗಿ ನಡುವಿನ ಮಡಿಕೆ ಹಿಡಿದು ಹಿಂದೆ ಸರಿಯುತ್ತಿದ್ದಳು. ಡ್ರೈಯರಿನ ಸದ್ದಿಗೆ ದೂರ ನಿಂತಾಗ ಕೂಗಿಯೇ ಮಾತಾಡಬೇಕು. ಹಾಗಾಗಿ ಗುಟ್ಟಿನ ಮಾತೇನಿದ್ದರೂ ಮೂಲೆಗಳು ಸೇರುವ ಆ ಗಳಿಗೆಗೆ ಮೀಸಲು. ಯಾವ ಗೆಳತಿ ಮಾತು ಬಿಟ್ಟಳು, ಯಾವ ಹುಡುಗ ಸುಮ್ಮನೆ ಹಿಂದೆ ಬರುತ್ತಾನೆ, ಎಲ್ಲವೂ ಹಾಗೆ ಚೂರು ಚೂರಾಗಿ, ಒಂದೊಂದು ಶೀಟಿಗೆ ಒಂದೊಂದು ವಾಕ್ಯವಾಗಿ ಅಮ್ಮನ ಕಿವಿಗೆ ಬೀಳುತ್ತಿತ್ತು. ಮಗಳ ಹೊಟ್ಟೆಯೊಳಗಿನದೆಲ್ಲ ತನಗೆ ಗೊತ್ತು ಎಂದು ಲಾಂಡ್ರಿಯಮ್ಮ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಳು.

ಆ ಹೆಮ್ಮೆ ಒಂದು ರಾತ್ರಿಯ ಊಟದಲ್ಲಿ ಮಣ್ಣುಪಾಲಾಯಿತು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ ಕುಳಿತಿದ್ದ ನಾದಿನಿ ತಲೆ ಎತ್ತದೆ ಕೇಳಿದಳು.

"ಅತ್ತಿಗೆ, ಆ ಮೇಲಿನ ಲೆಕ್ಕದ ಕ್ಲಾಸಿನ ವಿಷಯ ಏನು ಯೋಚನೆ ಮಾಡಿದ್ರಿ?"

"ಯಾವ ಕ್ಲಾಸು?"

ನಾದಿನಿ ಮರಿಯ ಕಡೆ ನೋಡಿದಳು. ಮರಿ ತಟ್ಟೆಯ ಕಡೆ ನೋಡಿದಳು. ತಟ್ಟೆ ಏನೂ ಹೇಳಲಿಲ್ಲ.

ವಿಷಯ ಇಷ್ಟು. ಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮಿಸ್ಸು ಒಂಬತ್ತನೇ ತರಗತಿಯ ಕೆಲವೇ ಮಕ್ಕಳನ್ನು ಆರಿಸಿಕೊಂಡಿದ್ದಳು. ಅವರಿಗೆ ಸ್ಕೂಲು ಬಿಟ್ಟ ಮೇಲೆ, ಮುಂದಿನ ತರಗತಿಗಳಲ್ಲಿ ಬರುವ ಗಣಿತವನ್ನು ಈಗಲೇ ಕಲಿಸುತ್ತಾಳಂತೆ. ವರ್ಷ ಮುಗಿಯುವವರೆಗೂ ದಿನಾ ಸಂಜೆ, ಕತ್ತಲಾಗುವ ತನಕ. ಆರಿಸಿದ ಹೆಸರುಗಳಲ್ಲಿ ಮರಿಯದು ಮೊದಲನೆಯದು. ಮನೆಯವರು ಒಪ್ಪಿದರೆ ಸೇರಬಹುದು. ಇದೆಲ್ಲ ನಾದಿನಿಗೆ ವಾರದಿಂದ ಗೊತ್ತಿತ್ತು. ಆ ವಾರವೆಲ್ಲ ಲಾಂಡ್ರಿಯಮ್ಮ ಮಗಳೊಂದಿಗೆ ಎಷ್ಟು ಶೀಟು ಮಡಿಸಿದ್ದಳು, ಎಷ್ಟು ಸಲ ಮೂಲೆಗೆ ಮೂಲೆ ಸೇರಿತ್ತು! ಒಂದು ಸಲವೂ ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ.

"ಹೇಳೋಣ ಅಂತಲೇ ಇದ್ದೆ ಅಮ್ಮ," ಎಂದಳು ಮರಿ. "ಕ್ಲಾಸು ಸಂಜೆ ಹೊತ್ತು. ನಿನಗೆ ಕಷ್ಟ ಆಗುತ್ತಲ್ಲ ಅಂತ..."

"ನನ್ನ ಕಷ್ಟ ಅತ್ತೆ ಹತ್ತಿರ ಹೇಳ್ಕೊಂಡೆ. ನನ್ನ ಹತ್ತಿರ ಹೇಳೋಕೆ ಬಾಯಿ ಬರಲಿಲ್ಲ."

ಗಂಡ ಇನ್ನೊಂದು ಆಲೂಗಡ್ಡೆ ಬಡಿಸಿಕೊಂಡ. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಹಸಿವು ಹೆಚ್ಚುತ್ತಿತ್ತು. ಅಭಿಪ್ರಾಯ ಕೇಳಿದರೆ, ಹುಡುಗಿ ಓದಬೇಕು, ಹಾಗಂತ ಅಮ್ಮನಿಗೂ ತೊಂದರೆಯಾಗಬಾರದು, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅವನ ತಾಯಿ, ಎಲ್ಲರಿಗೂ ಅಜ್ಜಿ, ತನಗೆ ಲೆಕ್ಕವೇ ಬರುವುದಿಲ್ಲವೆಂದೂ ಆದರೂ ಈ ಮನೆಯಲ್ಲಿ ಯಾರು ಎಷ್ಟು ಆಲೂಗಡ್ಡೆ ತಿಂದರು ಎನ್ನುವುದು ತನಗೊಬ್ಬಳಿಗೇ ಗೊತ್ತೆಂದೂ ಹೇಳಿ ಮಗನ ತಟ್ಟೆ ನೋಡಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ನಾದಿನಿಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅವಳು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಎರಡು ವರ್ಷದ ಹಿಂದೆ ಮದುವೆ ಮುರಿದು ಅಣ್ಣನ ಮನೆಗೆ ಬಂದಾಗ ಕೈಯಲ್ಲಿದ್ದದ್ದು ಒಂದು ಸೂಟ್‌ಕೇಸು ಮತ್ತು ನಕ್ಷೆ ಬರೆಯುವ ಒಂದು ಓರೆ ಹಲಗೆ. ಹಿಂದಿನ ಕೋಣೆ ಮರಿಯದು. ಅದರಲ್ಲೇ ಇವಳಿಗೂ ಒಂದು ಮಂಚ ಹಾಕಿದರು. ಹಾಕಿಸಿದವಳು ಸ್ವತಃ ಲಾಂಡ್ರಿಯಮ್ಮ. ಪಾಪ, ನೊಂದು ಬಂದಿದ್ದಾಳೆ, ಮಗುವಿನ ಜೊತೆ ಇದ್ದರೆ ಮನಸ್ಸು ಹಗುರಾಗುತ್ತದೆ ಎಂದು ಆಗ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. ಆ ಮನಸ್ಸು ಹಗುರಾಯಿತು. ಲಾಂಡ್ರಿಯಮ್ಮನದು ದಿನೇ ದಿನೇ ಭಾರವಾಯಿತು.

ಊಟವಾದ ಮೇಲೆ ಆ ಕೋಣೆಯಲ್ಲಿ ನಡೆಯುತ್ತಿದ್ದುದನ್ನು ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಹಳೆಯ ನಕ್ಷೆಗಳ ಬೆನ್ನು ಖಾಲಿ ಇರುತ್ತದಲ್ಲ, ಆ ದೊಡ್ಡ ಹಾಳೆಗಳನ್ನು ನೆಲಕ್ಕೆ ಹಾಸಿ ನಾದಿನಿ ಮತ್ತು ಮರಿ ಬೋರಲಾಗಿ ಮಲಗಿ ಲೆಕ್ಕ ಬಿಡಿಸುತ್ತಿದ್ದರು. ಪಾದಗಳು ಗಾಳಿಯಲ್ಲಿ ಆಡುತ್ತಿದ್ದವು. ಮಧ್ಯೆ ಮಧ್ಯೆ ಯಾವುದೋ ಒಂದು ಗೆರೆ ಎಳೆದು ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಲೆಕ್ಕದಲ್ಲಿ ನಗುವಂಥದ್ದು ಏನಿರುತ್ತದೋ ದೇವರೇ ಬಲ್ಲ. ಲಾಂಡ್ರಿಯಮ್ಮ ಹಾಲಿನ ಲೋಟ ಹಿಡಿದು ಒಳಗೆ ಹೋದರೆ ಮರಿ ತಲೆ ಎತ್ತದೆ, "ಅಲ್ಲಿಡು ಅಮ್ಮ, ಒಂದು ನಿಮಿಷ," ಎನ್ನುತ್ತಿದ್ದಳು. ಆ ನಿಮಿಷ ಯಾವತ್ತೂ ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಕೆನೆಗಟ್ಟಿದ ಹಾಲು ಇಟ್ಟಲ್ಲೇ ಇರುತ್ತಿತ್ತು.

ಅದು ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಕರೆಯುವುದರಲ್ಲಿ ಅರ್ಥವಿಲ್ಲ. ಲಾಂಡ್ರಿಯಮ್ಮನೇನೋ ಬೇರೆ ಬೇರೆ ಹೆಸರಿಟ್ಟು ನೋಡಿದಳು. ಹುಡುಗಿಯ ಕಣ್ಣು ಹಾಳಾಗುತ್ತದೆ ಎಂದಳು. ಈ ವಯಸ್ಸಿಗೆ ಅಷ್ಟು ಭಾರ ಹೊರಿಸಬಾರದು ಎಂದಳು. ಬುದ್ಧಿವಂತ ಮಕ್ಕಳ ನಡುವೆ ಕೂತು ಹಿಂದೆ ಬಿದ್ದರೆ ಮನಸ್ಸಿಗೆ ಪೆಟ್ಟಾಗುತ್ತದೆ ಎಂದಳು. ನರ್ಸಿಂಗ್ ಹೋಮಿನ ಆಯಾಳ ಮಗ ಹೀಗೇ ಓದಿ ಓದಿ ಮಂಕಾಗಿ ಕೂತಿದ್ದಾನೆ ಎಂದಳು. ಆ ಆಯಾಳಿಗೆ ಮಗನೇ ಇಲ್ಲ, ಇಬ್ಬರೂ ಹೆಣ್ಣುಮಕ್ಕಳು ಎಂದು ಗಂಡ ನೆನಪಿಸಿದ. ಆ ದಿನ ಅವನಿಗೆ ಚಹಾ ಸಿಗಲಿಲ್ಲ.

ಪ್ರತಿ ಮಾತಿಗೂ ನಾದಿನಿಯ ಬಳಿ ಶಾಂತವಾದ ಒಂದು ಉತ್ತರವಿರುತ್ತಿತ್ತು. ಕಣ್ಣಿನ ಪರೀಕ್ಷೆ ಮಾಡಿಸೋಣ ಅತ್ತಿಗೆ. ಭಾರ ಅನ್ನಿಸಿದರೆ ಬಿಡಿಸಬಹುದು ಅತ್ತಿಗೆ. ಶೀಟು ಮಡಿಸುವುದಕ್ಕೆ ಸಂಜೆ ಯಾರನ್ನಾದರೂ ಇಟ್ಟುಕೊಳ್ಳಬಹುದಲ್ಲ ಅತ್ತಿಗೆ. ಕೊನೆಯ ಮಾತು ಲಾಂಡ್ರಿಯಮ್ಮನ ಎದೆಗೆ ನೆಟ್ಟಿತು. ಶೀಟು ಮಡಿಸಲು ಯಾರಾದರೂ ಸಿಗುತ್ತಾರೆ. ಮೂಲೆಗೆ ಮೂಲೆ ಸೇರಿದಾಗ ಕಿವಿಯಲ್ಲಿ ಮಾತಾಡಲು ಯಾರನ್ನು ಇಟ್ಟುಕೊಳ್ಳುವುದು?

ಬಾಯಲ್ಲಿ ಗೆಲ್ಲಲಾಗದವಳು ಕೈಯಲ್ಲಿ ಸೇಡು ತೀರಿಸಿಕೊಂಡಳು. ಲಾಡ್ಜಿನ ಊಟದ ಮೇಜಿನ ನ್ಯಾಪ್‌ಕಿನ್ನುಗಳಿಗೆ ಗಟ್ಟಿ ಗಂಜಿ ಹಾಕುವ ತೊಟ್ಟಿಯೊಂದಿತ್ತು. ಅವು ನೆಟ್ಟಗೆ ನಿಲ್ಲಬೇಕು ಎನ್ನುವುದು ಮ್ಯಾನೇಜರನ ಹಟ. ಆ ತೊಟ್ಟಿಗೆ ಒಂದು ದಿನ ನಾದಿನಿಯ ದಿಂಬಿನ ಗವಸು ಇಳಿಯಿತು. ಮಾರನೆಯ ದಿನ ಅವಳ ರಾತ್ರಿಯುಡುಪು. ಇಸ್ತ್ರಿ ಮಾಡಿ ಮಂಚದ ಮೇಲಿಟ್ಟರೆ ಮೇಜಿನ ಹಲಗೆಯ ಹಾಗೆ ಬಿದ್ದುಕೊಂಡಿತ್ತು. ಬೆಳಿಗ್ಗೆ ನಾದಿನಿ ತಿಂಡಿಗೆ ಬಂದಾಗ ಅವಳ ಕೆನ್ನೆಯ ಮೇಲೆ ಗವಸಿನ ಅಂಚು ಉದ್ದಕ್ಕೆ ಬರೆ ಎಳೆದಿತ್ತು. ಅಜ್ಜಿ ಹೋಗಿ ದಿಂಬನ್ನು ಬೆರಳಿನಿಂದ ತಟ್ಟಿ ನೋಡಿ ಬಂದಳು.

"ಇದರ ಮೇಲೆ ಮಲಗೋದೋ, ಚಪಾತಿ ಲಟ್ಟಿಸೋದೋ?" ಎಂದು ಸೊಸೆಯ ಮುಖ ನೋಡಿ ಕೇಳಿದಳು.

ಲಾಂಡ್ರಿಯಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದರಲ್ಲಿ ಮುಳುಗಿಹೋದಳು. ಒಳಗೊಳಗೆ ನಾಚಿಕೆಯಾಗಿತ್ತು, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಖುಷಿಯೂ ಆಗಿತ್ತು.

ಸ್ಕೂಲಿನಿಂದ ಎರಡನೆಯ ಸಲ ಹೇಳಿಕಳಿಸಿದರು. ಶನಿವಾರದೊಳಗೆ ಮನೆಯವರು ಬಂದು ಹೌದೋ ಅಲ್ಲವೋ ತಿಳಿಸಬೇಕು. ಗಂಡ ವ್ಯಾನಿನ ಬ್ರೇಕು ಸರಿಯಿಲ್ಲವೆಂದು ಗ್ಯಾರೇಜಿನ ಕಡೆ ಮೆಲ್ಲಗೆ ಜಾರಿಕೊಂಡ. ತಾನು ಹೋಗಿ ಬರಲೇ ಎಂದು ನಾದಿನಿ ಕೇಳಿದ್ದೇ ತಡ, ಲಾಂಡ್ರಿಯಮ್ಮ ಒದ್ದೆ ಕೈ ಒರೆಸಿಕೊಂಡು ತಾನೇ ಹೊರಟುನಿಂತಳು. ಮದುವೆ ಮುಂಜಿಗೆಂದು ಎತ್ತಿಟ್ಟ ಸೀರೆ ಉಟ್ಟಳು. ಇನ್ನೂ ಒಂದು ವಾರ ಸಮಯ ಕೊಡಿ ಎಂದು ಕೇಳುವುದಷ್ಟೇ ಅವಳ ಯೋಚನೆ. ಅದನ್ನು ನಂಬಬೇಕು, ಬೇಡವೆನ್ನುವ ಉದ್ದೇಶ ಮನೆ ಬಿಡುವಾಗ ಅವಳಿಗೆ ಇರಲಿಲ್ಲ.

ಮಿಸ್ಸು ಇನ್ನೂ ಹುಡುಗಿಯ ಹಾಗಿದ್ದಳು. ತೋಳಿನ ತುಂಬ ಸೀಮೆಸುಣ್ಣದ ಪುಡಿ. ಮರಿಯ ಹೆಸರು ಹೇಳುತ್ತಲೇ ಅವಳ ಮುಖ ಅರಳಿತು. ಎದ್ದು ಕುರ್ಚಿ ಎಳೆದುಕೊಟ್ಟಳು.

"ಅವಳ ಅಮ್ಮ ಬರ್ತಾರೆ ಅಂದ್ಕೊಂಡಿದ್ದೆ," ಎಂದಳು. "ನೀವು ಅತ್ತೆ ಅಲ್ವಾ? ಮರಿ ಹೇಳ್ತಿರ್ತಾಳೆ, ಮನೇಲಿ ಅತ್ತೆ ಇದ್ದಾರೆ ಅಂತ. ಅಮ್ಮನ್ನ ಹೋದ ಸಲ ಮೀಟಿಂಗಿನಲ್ಲಿ ನೋಡಿದ್ದೆ. ಅವರ ಜೊತೆ ಮಾತಾಡಿದಾಗಲೇ ಗೊತ್ತಾಯ್ತು, ಈ ಹುಡುಗಿಗೆ ಲೆಕ್ಕ ಎಲ್ಲಿಂದ ಬಂತು ಅಂತ."

ಹೋದ ಸಲದ ಮೀಟಿಂಗಿಗೆ ಲಾಂಡ್ರಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲವೆಂದು ನಾದಿನಿಯನ್ನು ಕಳಿಸಿದವಳು ಲಾಂಡ್ರಿಯಮ್ಮನೇ. ಅದು ನೆನಪಾಗಿ ಉರಿ ಇನ್ನೂ ಹೆಚ್ಚಾಯಿತು. ಅವಳು ಎದ್ದುನಿಂತಳು.

"ಅಮ್ಮ ನಾನು. ಅವಳಿಗೆ ಆ ಕ್ಲಾಸು ಬೇಡ."

ಮಿಸ್ಸು ಮುಖ ಕೆಂಪಾಗಿಸಿಕೊಂಡು ಏನೇನೋ ಹೇಳಲು ಹೋದಳು. ಇವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಬೀದಿಯುದ್ದಕ್ಕೂ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ನಡೆದಳು. ಮನೆ ತಲುಪುವ ಹೊತ್ತಿಗೆ ಆ ಭಾಗ ಒಗೆದು ಹಿಂಡಿದ ಬಟ್ಟೆಯ ಹಾಗಾಗಿತ್ತು.

ಆ ರಾತ್ರಿಯ ಊಟ ಈ ಮನೆಯವರ ನೆನಪಿನಿಂದ ಹೋಗುವುದಿಲ್ಲ. ಮೊಟ್ಟೆ ಬೇಯಿಸಿದ್ದರು, ಹುರುಳಿಕಾಯಿ ಪಲ್ಯವಿತ್ತು. ಬೇಡವೆಂದು ಹೇಳಿ ಬಂದೆ ಎಂದು ಲಾಂಡ್ರಿಯಮ್ಮ ಪಲ್ಯ ಬಡಿಸುತ್ತಲೇ ತಿಳಿಸಿದಳು, ಉಪ್ಪು ಕಡಿಮೆಯಾಗಿದೆ ಎನ್ನುವ ಧಾಟಿಯಲ್ಲಿ. ನಾದಿನಿಯ ಕೈ ತಟ್ಟೆಯಲ್ಲೇ ನಿಂತಿತು.

"ಯಾರನ್ನ ಕೇಳಿ ಹೇಳಿದ್ರಿ?"

"ನನ್ನ ಮಗಳ ವಿಷಯ. ನಾನು ಯಾರನ್ನ ಕೇಳಬೇಕು?"

"ಅವಳನ್ನ ಕೇಳಬೇಕಿತ್ತು ಅತ್ತಿಗೆ."

"ಊಟ ಆಗಲಿ, ಆಮೇಲೆ ಮಾತಾಡೋಣ," ಎಂದ ಗಂಡ. ಅವನ ಕಡೆ ಯಾರೂ ತಿರುಗಲಿಲ್ಲ.

"ನನ್ನ ಮೇಲಿನ ಸಿಟ್ಟು ನನ್ನ ಮೇಲೇ ತೀರಿಸ್ಕೊಳ್ಳಿ," ಎಂದಳು ನಾದಿನಿ. "ದಿಂಬಿಗೆ ಗಂಜಿ ಹಾಕಿದ್ರಿ, ಸುಮ್ಮನಿದ್ದೆ. ಇನ್ನೂ ಹಾಕಿ. ಆದರೆ ಆ ಮಗುವಿನ ದಾರಿಗೆ ಅಡ್ಡ ಬರಬೇಡಿ."

"ಮಗು ಬೇಕಿದ್ರೆ ನೀನೊಂದು ಹೆತ್ತುಕೊಳ್ಳಬೇಕಿತ್ತು. ಇನ್ನೊಬ್ಬರದ್ದನ್ನ ರೂಮಲ್ಲಿ ಕೂರಿಸ್ಕೊಂಡು ಬಾಗಿಲು ಹಾಕ್ಕೊಳ್ಳೋದಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ಲಾಂಡ್ರಿಯಮ್ಮನಿಗೇ ತಿಳಿಯಿತು. ನಾದಿನಿ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ಕೋಣೆಗೆ ಹೋದಳು. ಅಜ್ಜಿ ತಮಾಷೆ ಮಾಡಲಿಲ್ಲ.

"ಆ ಮಾತು ನೀನು ಆಡಬಾರದಿತ್ತು," ಎಂದಷ್ಟೇ ಹೇಳಿ ತನ್ನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದಳು. ಮರಿ ತನ್ನ ಹಾಸಿಗೆ ಎತ್ತಿಕೊಂಡು ಬಂದು ಅಜ್ಜಿಯ ಕೋಣೆಯ ನೆಲದ ಮೇಲೆ ಹಾಸಿಕೊಂಡಳು.

ಮಾರನೆಯ ಸಂಜೆ ಮರಿ ಎಂದಿಗಿಂತ ಬೇಗ ಲಾಂಡ್ರಿಗೆ ಬಂದಳು. ಬ್ಯಾಗನ್ನು ಎಸೆಯಲಿಲ್ಲ, ಮೊಳೆಗೆ ತೂಗುಹಾಕಿದಳು. ಚಹಾ ಬೇಡವೆಂದಳು. ಶೀಟು ಒದರಿದಳು, ಜಗ್ಗಿದಳು, ಮಡಿಸಿದಳು, ಮೂಲೆ ತಂದು ಕೊಟ್ಟಳು, ಹಿಂದೆ ಸರಿದಳು. ತುಟಿ ಪಿಟಕ್ಕೆನ್ನಲಿಲ್ಲ. ಮಡಿಕೆಗಳು ಗೆರೆ ಹಾಕಿದಷ್ಟು ನೇರವಾಗಿದ್ದವು. ಮರುದಿನವೂ ಹಾಗೆಯೇ. ಲಾಂಡ್ರಿಯಮ್ಮನಿಗೆ ಬೇಕಿದ್ದ ಸಂಜೆ ಬೇಕಾದ ಹಾಗೆಯೇ ಸಿಕ್ಕಿತ್ತು. ಮಗಳು ನಾದಿನಿಯ ಕೋಣೆಗೆ ಕಾಲಿಡುತ್ತಿರಲಿಲ್ಲ. ನಕ್ಷೆಯ ಹಾಳೆಗಳು ಸುರುಳಿಯಾಗಿ ಮೂಲೆಯಲ್ಲಿ ನಿಂತಿದ್ದವು. ಗೆದ್ದಾಯಿತು. ಗೆದ್ದ ಮೇಲೆ ಏನು ಮಾಡಬೇಕು ಎನ್ನುವುದು ತೋಚದೆ ಅವಳು ಮಡಿಸಿದ ಶೀಟುಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಆ ಗಡಿಬಿಡಿಯಲ್ಲಿ ನರ್ಸಿಂಗ್ ಹೋಮಿನ ಶೀಟುಗಳನ್ನು ಲಾಡ್ಜಿನ ಗಂಟಿಗೆ ಸೇರಿಸಿ ಕಳಿಸಿದಳು; ತನ್ನ ಅತಿಥಿಗಳೇನು ರೋಗಿಗಳೇ ಎಂದು ಮ್ಯಾನೇಜರು ಗಂಡನಿಗೆ ವ್ಯಾನಿನ ಬಳಿಯೇ ಬೈದು ಕಳಿಸಿದ.

ಶುಕ್ರವಾರ ತಡೆಯಲಾರದೆ ಕೇಳಿಯೇಬಿಟ್ಟಳು, ಮೂಲೆಗಳು ಸೇರಿದಾಗ.

"ಅಷ್ಟು ಸಿಟ್ಟಾ ನಿನಗೆ? ಅತ್ತೆ ಜೊತೆ ಕೂತು ಲೆಕ್ಕ ಮಾಡೋದು ತಪ್ಪಿತು ಅಂತ?"

ಮರಿ ಹಿಂದೆ ಸರಿಯಲಿಲ್ಲ. ಶೀಟು ಹಿಡಿದು ಅಲ್ಲೇ ನಿಂತಳು.

"ಅಮ್ಮ, ನನಗೆ ಆ ಲೆಕ್ಕ ಇಷ್ಟ. ಅತ್ತೆಗೋಸ್ಕರ ಅಲ್ಲ. ಅತ್ತೆಗೆ ಅದು ಬರೋದೂ ಇಲ್ಲ."

"ಬರೋದಿಲ್ಲ ಅಂದ್ರೆ? ದಿನಾ ಹೇಳಿಕೊಡ್ತಿದ್ದಳಲ್ಲ."

"ಅದು ಹೋದ ವರ್ಷದ ಕಥೆ. ಈಗ ಅತ್ತೆ ತಪ್ಪು ಮಾಡ್ತಾರೆ. ನಾನು ನನಗೂ ತಿಳಿಯಲಿಲ್ಲ ಅನ್ನೋ ಹಾಗೆ ಇರ್ತೀನಿ. ಆಮೇಲೆ ಅವರೇ ಹೇಳಿದ್ದು ಅನ್ನೋ ಹಾಗೆ ಮೆಲ್ಲಗೆ ಸರಿ ಉತ್ತರಕ್ಕೆ ತರ್ತೀನಿ. ಅವರಿಗೆ ಎಷ್ಟು ಖುಷಿ ಆಗುತ್ತೆ ಗೊತ್ತಾ?" ಮರಿ ಮೂಗು ಒರೆಸಿಕೊಂಡಳು. "ಯಾರಿಗೂ ಹೇಳಬೇಡ. ಪಾಪ."

ಲಾಂಡ್ರಿಯಮ್ಮನ ಎದೆಯೊಳಗೆ ಮೊದಲು ಎದ್ದದ್ದು ಸಂತೋಷ, ಶುದ್ಧವಾದ ಕೆಟ್ಟ ಸಂತೋಷ. ಆ ಕೋಣೆಯ ನಗು, ಗಾಳಿಯಲ್ಲಾಡುವ ಪಾದಗಳು, ಎಲ್ಲ ಬರೀ ಕರುಣೆ! ಆ ಸಂತೋಷ ಒಂದು ಶೀಟು ಮಡಿಸುವಷ್ಟು ಹೊತ್ತೂ ಉಳಿಯಲಿಲ್ಲ. ಮರಿ ಬಗ್ಗಿ ಮಡಿಕೆ ಹಿಡಿದು ಹಿಂದೆ ಹೋಗಿ, ಮತ್ತೆ ನಡೆದು ಬರುವಷ್ಟರಲ್ಲಿ ಬೇರೊಂದು ಯೋಚನೆ ತಲೆಗೆ ಹೊಕ್ಕಿತ್ತು. ಯಾವ ಗೆಳತಿ ಮಾತು ಬಿಟ್ಟಳು, ಯಾವ ಹುಡುಗ ಹಿಂದೆ ಬಂದ ಎನ್ನುವ ಆ ಚೂರು ಚೂರು ಗುಟ್ಟುಗಳು.

"ನನ್ನ ಹತ್ತಿರಾನೂ ಹಾಗೇ ನಟಿಸ್ತೀಯಾ?" ಎಂದು ಕೇಳಿದಳು. "ಇಲ್ಲಿ ಬಂದು ಮಾತಾಡೋದೂ ನನಗೆ ಖುಷಿ ಆಗಲಿ ಅಂತಲೇನಾ?"

ಮರಿ ಅಮ್ಮನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

"ಮೂಲೆ ಸರಿಯಾಗಿ ಹಿಡಿ ಅಮ್ಮ," ಎಂದಳು. "ಜಾರ್ತಾ ಇದೆ."

ಅಂದು ರಾತ್ರಿ ಅಡುಗೆಮನೆಯ ಕೆಲಸ ಮುಗಿಯುತ್ತಲೇ ಲಾಂಡ್ರಿಯಮ್ಮ ನಾದಿನಿಯ ಕೋಣೆಯ ಬಾಗಿಲು ತಟ್ಟಿದಳು. ಕೈಯಲ್ಲಿ ದಿಂಬಿನ ಗವಸು, ಗಂಜಿಯೆಲ್ಲ ಬಿಡುವ ತನಕ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಇಸ್ತ್ರಿಯನ್ನೂ ಮಾಡದೆ ಮೆತ್ತಗೆ ಒಣಗಿಸಿದ್ದು. ನಾದಿನಿ ಓರೆ ಹಲಗೆಯ ಮುಂದೆ ಕೂತಿದ್ದಳು. ಮರಿಯ ಲೆಕ್ಕದ ಪುಸ್ತಕ ಎದುರಿಗಿತ್ತು. ಹಾಳೆಯ ತುಂಬ ಹೊಡೆದುಹಾಕಿದ ಗೆರೆಗಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಅವಳು ಪುಸ್ತಕ ಮುಚ್ಚಲು ಹೋಗಿ, ಮುಚ್ಚದೆ ಹಾಗೇ ಬಿಟ್ಟಳು.

"ಅವಳು ಕ್ಲಾಸಿಗೆ ಹೋಗದಿದ್ರೂ ಚಿಂತೆಯಿಲ್ಲ, ನಾನೇ ಹೇಳಿಕೊಡ್ತೀನಿ ಅಂದ್ಕೊಂಡೆ," ಎಂದಳು. "ಸ್ವಲ್ಪ ಮರೆತುಹೋಗಿದೆ. ಒಂದೆರಡು ದಿನ ಕೂತರೆ ಬಂದುಬಿಡುತ್ತೆ. ನನ್ನ ಹತ್ತಿರ ಆದ್ರೆ ಅವಳಿಗೆ ಬೇಗ ಅರ್ಥ ಆಗುತ್ತೆ ಅತ್ತಿಗೆ."

ಆ ಗಳಿಗೆಯಲ್ಲಿ ಲಾಂಡ್ರಿಯಮ್ಮನ ನಾಲಿಗೆಯ ತುದಿಯಲ್ಲಿ ಒಂದು ವಾಕ್ಯ ಬಂದು ಕೂತಿತ್ತು. ನಿನಗಿಂತ ಅವಳು ಮುಂದೆ ಹೋಗಿ ವರ್ಷವಾಯಿತು, ನಿನ್ನ ಮೇಲೆ ಮರುಕಪಟ್ಟು ಕೂರುತ್ತಿದ್ದಾಳೆ. ಇಷ್ಟು ಹೇಳಿದ್ದರೆ ಎರಡು ವರ್ಷದ ಉರಿಗೆ ಒಂದೇ ಬಾರಿಗೆ ನೀರು ಸುರಿದ ಹಾಗಾಗುತ್ತಿತ್ತು. ಬಾಯಿ ತೆರೆಯಿತು ಕೂಡ. ಊದಿದ ಆ ಕಣ್ಣುಗಳನ್ನು ಕಂಡು, ಮೊನ್ನೆ ಆಡಿದ ಮಾತು ನೆನಪಾಗಿ, ತೆರೆದ ಬಾಯಲ್ಲಿ ಬೇರೆ ಮಾತು ಬಂತು.

"ಮೊನ್ನೆ ನಾನು ಆಡಿದ್ದು ಬಾಯಿಂದ ಬರಬಾರದ ಮಾತು. ಮನಸ್ಸಲ್ಲಿ ಇಟ್ಕೋಬೇಡ." ಗವಸನ್ನು ಮಂಚದ ಮೇಲಿಟ್ಟಳು. "ಬೆಳಿಗ್ಗೆ ಕಚೇರಿಗೆ ತಡವಾಗಿ ಹೋಗು. ನನ್ನ ಜೊತೆ ಸ್ಕೂಲಿಗೆ ಬಾ."

ನಾದಿನಿ ಗವಸನ್ನು ಕೆನ್ನೆಗೆ ಒತ್ತಿ ನೋಡಿದಳು. ತಲೆಯಾಡಿಸಿದಳು.

ಶನಿವಾರ ಬೆಳಿಗ್ಗೆ ಮಿಸ್ಸು ಇಬ್ಬರನ್ನೂ ಒಟ್ಟಿಗೆ ಕಂಡು ಗಾಬರಿಯಾಗಿ ಎದ್ದಳು. ಲಾಂಡ್ರಿಯಮ್ಮ ಈ ಸಲ ದಿನಾ ಉಡುವ ಸೀರೆಯಲ್ಲೇ ಬಂದಿದ್ದಳು. ತಾನು ಅಮ್ಮ, ಇವಳು ಅತ್ತೆ, ಮರಿಗೆ ಕ್ಲಾಸು ಬೇಕು, ತಾನು ಆ ದಿನ ಹೇಳಿದ್ದನ್ನು ಮರೆತುಬಿಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಸುದ್ದಿ ಕೇಳಿದ ಮರಿ ಆ ರಾತ್ರಿ ಹಾಸಿಗೆ ಎತ್ತಿಕೊಂಡು ತನ್ನ ಕೋಣೆಗೆ ಮರಳಿದಳು. ಗಂಡನಿಗೆ ಹಸಿವು ಕಡಿಮೆಯಾಯಿತು.

ಆಮೇಲಿನ ವಾರಗಳಲ್ಲಿ ಮನೆಯ ಊಟದ ಮೇಜಿನ ಮೇಲೆ ಒಂದೇ ಮಾತು ಬಡಿಸಿಕೊಳ್ಳುತ್ತಿತ್ತು: ಮಿಸ್ಸು. ಮಿಸ್ಸು ಹೀಗಂದರು. ಮಿಸ್ಸು ಒಂದು ಲೆಕ್ಕವನ್ನು ನಾಲ್ಕು ದಾರಿಯಲ್ಲಿ ಬಿಡಿಸಿದರು. ಮಿಸ್ಸು ಎಡಗೈಯಲ್ಲೂ ಬರೆಯುತ್ತಾರೆ. ಮಿಸ್ಸು ಚಹಾಕ್ಕೆ ಸಕ್ಕರೆ ಹಾಕುವುದಿಲ್ಲವಂತೆ, ಅಂದಿನಿಂದ ಮರಿಯೂ ಹಾಕುವುದಿಲ್ಲ. ಕಣ್ಣುಗಳು ಮಿಂಚುತ್ತಿದ್ದವು. ಹುಡುಗಿ ಅಷ್ಟು ಸುಖವಾಗಿರುವುದನ್ನು ಯಾರೂ ಕಂಡಿರಲಿಲ್ಲ. ಮೇಜಿನ ಈ ಕಡೆ ಅಮ್ಮ, ಆ ಕಡೆ ಅತ್ತೆ, ಇಬ್ಬರೂ ಏಕಕಾಲಕ್ಕೆ ತುತ್ತು ನಿಲ್ಲಿಸುತ್ತಿದ್ದರು.

"ಸಕ್ಕರೆ ಇಲ್ಲದ ಚಹಾ ಒಂದು ಚಹಾನಾ?" ಎಂದಳು ಲಾಂಡ್ರಿಯಮ್ಮ ಒಂದು ದಿನ.

"ಎಡಗೈಯಲ್ಲಿ ಬರೆಯೋದೇನು ದೊಡ್ಡದಲ್ಲ," ಎಂದಳು ನಾದಿನಿ.

ಅಜ್ಜಿ ಇಬ್ಬರ ಮುಖವನ್ನೂ ಸರದಿಯಾಗಿ ನೋಡಿ, ತಾನು ಇಷ್ಟು ವರ್ಷ ಬದುಕಿದ್ದು ಸಾರ್ಥಕವಾಯಿತು ಎಂದು ಮೊಟ್ಟೆ ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನಕ್ಕಳು. ಮಗ ಅವಳ ಬೆನ್ನು ತಟ್ಟಬೇಕಾಯಿತು.

ಸಂಜೆ ಶೀಟು ಮಡಿಸಲು ಲಾಂಡ್ರಿಯಮ್ಮ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಒಂದು ತುದಿಯನ್ನು ಕಪಾಟಿನ ಬಾಗಿಲಿಗೆ ಸಿಕ್ಕಿಸಿ ತಾನೊಬ್ಬಳೇ ಜಗ್ಗಾಡುತ್ತಿದ್ದಳು. ಮಡಿಕೆ ಸೊಟ್ಟಗಾಗುತ್ತಿತ್ತು. ಕಪಾಟಿನ ಜೊತೆ ಎಷ್ಟು ಅಂತ ಮಾತಾಡುವುದು?

ಹಾಗೊಂದು ಸಂಜೆ ನಾದಿನಿ ಕಚೇರಿಯಿಂದ ಬಂದು ಮೇಲಕ್ಕೆ ಹತ್ತಿದವಳು ಸ್ವಲ್ಪ ಹೊತ್ತಿಗೇ ಇಳಿದು ಬಂದಳು. ಬಾಗಿಲಲ್ಲಿ ನಿಂತು ಡ್ರೈಯರು ತಿರುಗುವುದನ್ನು ನೋಡಿದಳು. ಆಮೇಲೆ ಕೈಗಡಿಯಾರ ಬಿಚ್ಚಿ ತಕ್ಕಡಿಯ ಮೇಲಿಟ್ಟು, ಕಪಾಟಿನ ಬಾಗಿಲಿಗೆ ಸಿಕ್ಕಿಸಿದ್ದ ತುದಿಯನ್ನು ಬಿಡಿಸಿಕೊಂಡಳು. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ನಕ್ಷೆಯಲ್ಲಿ ಕೂದಲೆಳೆ ತಪ್ಪದ ಆ ಕೈ ಶೀಟಿನ ಎದುರು ಪೆದ್ದಾಯಿತು. ಅತ್ತಿಗೆ ಬಲಕ್ಕೆ ಮಡಿಸಿದರೆ ಅವಳು ಎಡಕ್ಕೆ ಮಡಿಸಿದಳು. ಬಟ್ಟೆ ಹಗ್ಗದ ಹಾಗೆ ತಿರುಚಿಕೊಂಡಿತು. ಬಿಚ್ಚಿ, ಒದರಿ, ಮತ್ತೆ ಶುರುಮಾಡಿದರು. ಎರಡನೆಯ ಸಲ ಸುಮಾರಾಗಿ ಬಂತು. ಒಬ್ಬರ ಕಡೆ ಒಬ್ಬರು ನಡೆದು ಬಂದರು. ಮೂಲೆಗಳು ಸೇರಿದಾಗ ನಾದಿನಿ ತನ್ನ ತುದಿಯನ್ನು ಬಿಟ್ಟುಕೊಡದೆ ನಿಂತಳು.

"ಈಗ ನನ್ನ ಹತ್ತಿರ ಏನೂ ಕೇಳೋದಿಲ್ಲ ಅತ್ತಿಗೆ ಅವಳು," ಎಂದಳು. "ನಿನ್ನೆ ಅವಳ ಪುಸ್ತಕ ತೆಗೆದು ನೋಡಿದೆ. ಒಂದು ಸಾಲೂ ಅರ್ಥ ಆಗಲಿಲ್ಲ."

"ಹೂಂ," ಎಂದಳು ಲಾಂಡ್ರಿಯಮ್ಮ.

"ಹಿಂದಿನ ಪುಟಗಳನ್ನೂ ನೋಡಿದೆ. ನಾವಿಬ್ಬರೂ ಕೂತು ಮಾಡ್ತಿದ್ದೆವಲ್ಲ, ಅವನ್ನ. ಅದರಲ್ಲೂ ಎಷ್ಟೋ ಕಡೆ..." ಡ್ರೈಯರು ತಿರುಗುತ್ತಲೇ ಇತ್ತು. "ಯಾವಾಗ ನನ್ನ ದಾಟಿಕೊಂಡು ಹೋದಳು ಅಂತ ಗೊತ್ತೇ ಆಗಲಿಲ್ಲ. ನಿಮಗೇನಾದ್ರೂ ಹೇಳಿದ್ದಳಾ?"

ನಾದಿನಿಯ ಮುಖ ಅಷ್ಟು ಹತ್ತಿರವಿತ್ತು. ಕೆನ್ನೆಯ ಮೇಲೆ ಗವಸಿನ ಗೆರೆಯಿರಲಿಲ್ಲ. ಲಾಂಡ್ರಿಯಮ್ಮ ಅವಳ ಕೈಯಿಂದ ಎರಡೂ ಮೂಲೆಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಲೆಕ್ಕದ ವಿಷಯ ನನ್ನ ಹತ್ತಿರ ಯಾಕೆ ಹೇಳ್ತಾಳೆ?" ಎಂದಳು. "ಬಗ್ಗು, ಕೆಳಗಿನ ಮಡಿಕೆ ಸರಿಯಾಗಿ ಹಿಡಿ. ಜಾರ್ತಾ ಇದೆ."